ಎಡಬಟ್ಟಲಿನ ದೋಷ

ಒಗ್ಗರಣೆಯ ವಾಸನೆ ಬಂತು, ಸದ್ದು ಬರಲಿಲ್ಲ — ಸಾಸಿವೆ ಸಿಡಿದಿರಬೇಕು, ಕರಿಬೇವು ಬಿದ್ದಿರಬೇಕು, ಮೂಗಿಗೆ ಎಲ್ಲವೂ ಗೊತ್ತಾಗುತ್ತಿದೆ, ಕಿವಿಗೆ ಮಾತ್ರ ಏನೂ ಇಲ್ಲ, ಕಿವಿಯ ಮೇಲೆ ಹೆಡ್‌ಫೋನಿನ ಎರಡು ಕರಿಯ ಬಟ್ಟಲುಗಳು ಮಗುಚಿ ಕೂತಿವೆ, ಒಳಗೆ ಮೆತ್ತನೆಯ ದಿಂಬು, ಹಿಂದೆ ಭದ್ರವಾದ ಮುಚ್ಚಳ, ನಡುವೆ ತನ್ನದೇ ನೆತ್ತರು ಓಡಾಡುವ ಗುಂಯ್ ಎಂಬ ಸದ್ದು, ಇದನ್ನು ಹಾಕಿಕೊಂಡು ಕೂತರೆ ಮನೆಗೆ ಕಳ್ಳ ನುಗ್ಗಿದರೂ ತಿಳಿಯುವುದಿಲ್ಲ, ಅಡುಗೆಮನೆಯಲ್ಲಿ ಓರಗಿತ್ತಿ ನೀಲಗಂಗಮ್ಮ ಮಂಡಕ್ಕಿ ಹುರಿಯುತ್ತಿದ್ದಾಳೋ ಅಥವಾ ಹಿತ್ತಿಲ ಬಾಗಿಲಲ್ಲಿ ನಿಂತು ಪಕ್ಕದ ಮನೆಯವಳ ಹತ್ತಿರ ನಮ್ಮಕ್ಕ ನನ್ನನ್ನ ಹಾಡ್ಬೇಡ ಅಂದ್ಬಿಟ್ರು ಕಣ್ರೀ ಎಂದು ಹೇಳಿಕೊಂಡು ಸೆರಗಿನಿಂದ ಕಣ್ಣೊರೆಸುತ್ತಿದ್ದಾಳೋ ಯಾರು ಕಂಡರು, ಜಗದಾಂಬಾ ಕತ್ತು ತಿರುಗಿಸಿ ನೋಡಿದಳು, ಅಡುಗೆಮನೆಯ ಪರದೆ ಅಲ್ಲಾಡಿತು, ಅದೂ ಸದ್ದಿಲ್ಲದೆ. ಹಿಂದೆ ಮುಚ್ಚಿರೋ ಮಾಲು ಅಮ್ಮಾವ್ರೇ, ಹೊರಗಿನ ಸದ್ದು ಒಳಗೆ ಬರಲ್ಲ, ಒಳಗಿಂದು ಹೊರಗೆ ಹೋಗಲ್ಲ, ಎಂದಿದ್ದ ರೆಕಾರ್ಡಿಂಗಿನ ಸೋಮಲಿಂಗಪ್ಪ, ನಿನ್ನೆ ಸಂಜೆ, ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ತಂದ ಟೇಪ್ ರೆಕಾರ್ಡರನ್ನು ಟೀಪಾಯಿಯ ಮೇಲೆ ಇಳಿಸಿ ಬೆವರು ಒರೆಸಿಕೊಳ್ಳುತ್ತ, ಇದು ಸ್ಟುಡಿಯೋದಲ್ಲಿ ನಾವು ತಪ್ಪು ಹುಡುಕೋಕೆ ಹಾಕ್ಕೊಳ್ಳೋದು, ಸುಖಕ್ಕಲ್ಲ, ಮನೇಲಿ ಕೇಳೋರಿಗೆ ಇದು ಹಿಡಿಸೋದು ಕಷ್ಟ, ಆದ್ರೂ ನೀವು ಒಂದ್ಸಲ ಕೇಳಿ, ನಾಳೆ ಸಂಜೆ ಬರ್ತೀನಿ, ನೀವು ಹೂಂ ಅಂದ್ರೆ ಟೇಪನ್ನ ಮದ್ರಾಸಿಗೆ ಕಳಿಸ್ತೀನಿ, ಗ್ರಾಮಫೋನ್ ಪ್ಲೇಟು ಒತ್ತಿ ಕೊಡ್ತಾರೆ. ಪ್ಲೇಟು. ಕರಿಯ ತಟ್ಟೆಯ ನಡುವೆ ದುಂಡಗಿನ ಚೀಟಿ, ಚೀಟಿಯ ಮೇಲೆ ವಚನ ಗಾಯನ, ಅದರ ಕೆಳಗೆ ಜಗದಾಂಬಾ ಕರಿಬಸಪ್ಪ, ರಾಜಾಜಿನಗರ, ಬೆಂಗಳೂರು — ರಾಜಾಜಿನಗರ ಎಂದು ಹಾಕುತ್ತಾರೋ ಇಲ್ಲವೋ, ಹಾಕಿಸಬೇಕು. ಹೂಂ ಎನ್ನುವುದು ನಿಶ್ಚಯವೇ, ಆದರೆ ಹೂಂ ಎನ್ನುವ ಮುಂಚೆ ಒಂದು ಮಾತು ಹೇಳಬೇಕೆಂದು ಅವಳು ಬೆಳಿಗ್ಗೆಯೇ ತೀರ್ಮಾನಿಸಿದ್ದಾಳೆ, ಗಂಡನಿಗೂ ಹೇಳಿದ್ದಾಳೆ, ನೀಲಾಳ ಕಿವಿಗೂ ಬೀಳಲಿ ಎಂದು ದನಿ ಎತ್ತರಿಸಿಯೇ ಹೇಳಿದ್ದಾಳೆ: ನನ್ನ ಹಿಂದೆ ಹಾಡಿರೋ ದನಿ ಬೇಡ, ತೆಗೆದುಬಿಡ್ಲಿ, ಒಂದೇ ದನಿ ಸಾಕು. ನೀಲಾ ತಟ್ಟೆಗೆ ರೊಟ್ಟಿ ಹಾಕುತ್ತಿದ್ದವಳು ತಲೆ ಎತ್ತಲಿಲ್ಲ. ಆಗ್ಲಿ ಅಕ್ಕಾ, ನಿಮ್ಮಿಷ್ಟ ಎಂದಳು, ಅಷ್ಟೇ.

ಅಷ್ಟೇ ಎಂದರೆ ಅಷ್ಟೇ ಅಲ್ಲ, ಅಷ್ಟು ಸಲೀಸಾಗಿ ಒಪ್ಪಿಕೊಳ್ಳುವವಳೇ ಅವಳು — ಬಾಯಲ್ಲಿ ಬೆರಳಿಟ್ಟರೂ ಕಚ್ಚಲು ಬಾರದವಳ ಹಾಗೆ ನಿಂತಿರುತ್ತಾಳೆ, ಓರಗಿತ್ತಿ ಎಂದರೆ ಏನೆಂದು ಜಗದಾಂಬಾಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಮೈದುನನ ಕೈ ಹಿಡಿದು ನೀಲಾ ಬಂದಾಗಿನಿಂದ ಒಂದೇ ಒಲೆಯ ಮುಂದೆ ನಿಂತು ನೋಡುತ್ತಿದ್ದಾಳೆ, ಆ ಮೌನದೊಳಗೆ ಏನೋ ಇದೆ, ಇರಲೇಬೇಕು. ಇಲ್ಲದಿದ್ದರೆ ಇವತ್ತು ಬೆಳಿಗ್ಗೆ ಈ ಯಂತ್ರವನ್ನು ಮುಟ್ಟಿದ್ದು ಯಾರು. ನಿನ್ನೆ ಜಗದಾಂಬಾ ಹಾಕಿಕೊಂಡು ನೋಡಿ ತಲೆಯ ಪಟ್ಟಿಯನ್ನು ತನ್ನ ಅಳತೆಗೆ ಎಳೆದು ಇಟ್ಟಿದ್ದಳು, ತುರುಬಿನ ಮೇಲೆ ಕೂರಬೇಕಲ್ಲ, ಉದ್ದಕ್ಕೆ ಎಳೆದಿದ್ದಳು, ಲಿಂಗಪೂಜೆ ಮುಗಿಸಿ ಹಣೆಗೆ ವಿಭೂತಿ ಇಟ್ಟುಕೊಂಡು ಹಜಾರಕ್ಕೆ ಬಂದು ನೋಡಿದರೆ ಪಟ್ಟಿ ಗಿಡ್ಡವಾಗಿದೆ, ದಿಂಬಿನ ಮೇಲೆ ಒಂದು ಉದ್ದ ಕೂದಲು, ಹರಳೆಣ್ಣೆಯ ಜಿಡ್ಡು, ಈ ಮನೆಯಲ್ಲಿ ಹರಳೆಣ್ಣೆ ಹಚ್ಚಿಕೊಳ್ಳುವವಳು ಒಬ್ಬಳೇ. ಇವಳು ಕಣ್ಣು ಮುಚ್ಚಿ ಪೂಜೆಗೆ ಕೂತಿದ್ದಾಗ ಅವಳು ಬಂದು ಕೇಳಿದ್ದಾಳೆ. ಕೇಳಿದ್ದಾಳೋ ಅಥವಾ ಏನನ್ನಾದರೂ ಕಿತ್ತಿದ್ದಾಳೋ, ಈ ತಂತಿಗಳು ನೂಲಿನಷ್ಟು ತೆಳ್ಳಗಿವೆ, ಒಂದು ಸಲ ಜಗ್ಗಿದರೆ ಸಾಕು, ಸೋಮಲಿಂಗಪ್ಪ ಹೇಳಲಿಲ್ಲವೇ, ಹುಷಾರು ಅಮ್ಮಾವ್ರೇ, ಹಡಗಿನಲ್ಲಿ ತರಿಸಿದ್ದು, ಕೆಂಪು ಗುರುತಿಂದು ಬಲಗಿವಿಗೆ, ಇನ್ನೊಂದು ಎಡಗಿವಿಗೆ, ನಿಮ್ಮ ಮೈಕಿಂದು ಎಡಗಡೆ ಬರುತ್ತೆ, ಆ ಅಮ್ಮಂದು ಬಲಗಡೆ, ಟೇಪಿನಲ್ಲಿ ಇಬ್ಬರೂ ಬೇರೆ ಬೇರೆ ಇದೀರಿ, ಕೊನೇಲಿ ಕೂಡಿಸ್ತೀವಿ, ಬೇಡ ಅಂದ್ರೆ ಒಬ್ಬರನ್ನ ತೆಗೀಲೂಬಹುದು. ತೆಗೀಲೂಬಹುದು ಎಂಬ ಮಾತು ನಿನ್ನೆ ರಾತ್ರಿಯೆಲ್ಲ ಬಾಯಲ್ಲಿ ಕಲ್ಲುಸಕ್ಕರೆಯ ಹಾಗೆ ಇತ್ತು.

ಈಗ ಮತ್ತೆ ಮೊದಲಿನಿಂದ ಕೇಳಬೇಕು, ಗುಂಡಿ ಒತ್ತಿದಳು, ಚಕ್ರಗಳು ತಿರುಗಿದವು, ಸುಂಯ್ ಎಂದು ಗಾಳಿ, ಶ್ರುತಿಪೆಟ್ಟಿಗೆ ಎದ್ದಿತು — ಆಹಾ, ಇದನ್ನು ಮಾತ್ರ ಒಪ್ಪಬೇಕು, ಶ್ರುತಿ ತಲೆಯ ನಟ್ಟನಡುವೆ ಎದ್ದು ನಿಲ್ಲುತ್ತದೆ, ಹೊರಗೆಲ್ಲೂ ಅಲ್ಲ, ಹಣೆಯ ಒಳಗೆ, ವಚನ ಬಳಗದ ಸಭೆಗಳಲ್ಲಿ ಮೈಕಿನವನು ಕಟ್ಟುವ ತಗಡಿನ ಹಾರನ್ನುಗಳಲ್ಲಿ ಇಂಥ ದನಿ ಜನ್ಮದಲ್ಲಿ ಕೇಳಿಲ್ಲ, ಈ ಟೇಪ್ ರೆಕಾರ್ಡರಿನ ಹೊಟ್ಟೆಯಲ್ಲಿರುವ ಸ್ಪೀಕರಿಗೂ ಇದು ಬರುವುದಿಲ್ಲ, ಅದು ಎಲ್ಲವನ್ನೂ ಕಲಸಿ ಸಾರು ಮಾಡಿ ಬಡಿಸುತ್ತದೆ. ಎಡಬಟ್ಟಲಿನಲ್ಲಿ ತನ್ನ ದನಿ ಶುರುವಾಯಿತು, ದುಂಡಗೆ, ತುಂಬಿಕೊಂಡು, ಅಕ್ಷರ ಅಕ್ಷರವೂ ಬೇರೆ, ಮೊದಲ ಸಾಲಿನಲ್ಲಿ ಉಸಿರು ತೆಗೆದುಕೊಂಡಿದ್ದೂ ಕೇಳಿಸಿತು, ತೊಡೆಯ ಮೇಲೆ ತಾಳ ಹಾಕುವಾಗ ಗಾಜಿನ ಬಳೆಗಳು ಘಲ್ ಎಂದವು, ತುಟಿ ತೆರೆದುಕೊಳ್ಳುವ ಚೂರು ಸದ್ದೂ ಬಿಡಲಿಲ್ಲ ಈ ಪಿಶಾಚಿ, ಅಷ್ಟು ಹತ್ತಿರದಿಂದ ತನ್ನನ್ನು ತಾನು ಎಂದೂ ಕೇಳಿರಲಿಲ್ಲ, ನಾಚಿಕೆಯಾಗುವಷ್ಟು ಹತ್ತಿರ. ಬಲಬಟ್ಟಲಿನಲ್ಲಿ ನೀಲಾ, ಮೆತ್ತಗೆ, ಇದ್ದೂ ಇಲ್ಲದ ಹಾಗೆ, ಹಿಂದೆ ಕೂತವಳು ಹೇಗಿರಬೇಕೋ ಹಾಗೆ. ಎರಡನೇ ಸಾಲೂ ಸರಿ. ಮೂರನೇ ಸಾಲಿನಲ್ಲಿ ದನಿ ಮೇಲಕ್ಕೆ ಏರಬೇಕು, ಏರುತ್ತಿದೆ, ಬಂತು, ಮೇಲಿನ ಷಡ್ಜ — ಅಲ್ಲೇ ಎಡಬಟ್ಟಲು ಕೈಕೊಟ್ಟಿತು. ನಿನ್ನೆಯೂ ಅಲ್ಲೇ, ಬೆಳಿಗ್ಗೆಯೂ ಅಲ್ಲೇ. ಎಡಗಡೆ ಸೊರಗಿಹೋಗುತ್ತದೆ, ಪಕ್ಕದ ಮನೆಯಲ್ಲಿ ಯಾರೋ ಹಾಡಿದಂತೆ ದೂರ ಸರಿಯುತ್ತದೆ, ಬಲಗಡೆ ಮಾತ್ರ ಷಡ್ಜ ದೀಪ ಹಚ್ಚಿಟ್ಟಂತೆ ಅಲ್ಲಾಡದೆ ನಿಲ್ಲುತ್ತದೆ, ಅದೂ ಸ್ವಚ್ಛವಾಗಿ ಅಲ್ಲ, ಮಂದವಾಗಿ, ಮೇಲೆ ಏನನ್ನೋ ಮುಚ್ಚಿದ ಹಾಗೆ. ಅಂದರೆ ಎರಡೂ ಕಡೆ ದೋಷ. ಎಡದ್ದು ಎತ್ತರದಲ್ಲಿ ಸೋಲುತ್ತದೆ, ಬಲದ್ದು ಎತ್ತರದಲ್ಲಿ ಮಬ್ಬಾಗುತ್ತದೆ. ಇಂಥದ್ದನ್ನು ಹಡಗಿನಲ್ಲಿ ತರಿಸಿದ್ದೇನೆಂದು ಜಂಬ ಕೊಚ್ಚಿಕೊಳ್ಳುತ್ತಾನಲ್ಲ ಆ ಮನುಷ್ಯ, ಸಂಜೆ ಬರಲಿ.

ಅವನನ್ನು ನಂಬಿ ಆ ಕೋಣೆಗೆ ಹೋಗಿದ್ದೇ ತಪ್ಪು, ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಶೆಡ್ಡಿನ ಮಹಡಿ, ಕೆಳಗೆ ಲೇತ್ ಯಂತ್ರ ತಿರುಗುವ ಸದ್ದು, ಊಟದ ಸೈರನ್ ಆದಮೇಲೆ ಅದು ನಿಂತಾಗ ರೆಕಾರ್ಡಿಂಗು, ಗೋಡೆಗೆಲ್ಲ ಗೋಣಿಚೀಲ ಮತ್ತು ತೆಂಗಿನ ನಾರು ಹೊಡೆದಿದ್ದ, ನೆಲಕ್ಕೆ ಜಮಖಾನ, ಎರಡು ಮೈಕು. ಎರಡು ಯಾಕೆ ಎಂದು ಇವಳು ಕೇಳಬೇಕೆಂದಿದ್ದಳು, ಅಷ್ಟರಲ್ಲಿ ನೀಲಾ ಕೇಳಿದಳು, ಅದೇ ಆಶ್ಚರ್ಯ, ನಾಲ್ಕು ಜನರ ಮುಂದೆ ಬಾಯಿ ಬಿಡದವಳು ಮುಂದೆ ಬಂದು, ಸಾರ್, ನನಗೆ ಮೈಕ್ ಬೇಡ ಸಾರ್, ಒಂದೇ ಸಾಕು, ಅಕ್ಕನ ಹಿಂದೆ ಕೂತ್ಕೋತೀನಿ, ಅಲ್ಲಿಂದ ಎಷ್ಟು ಬರುತ್ತೋ ಅಷ್ಟು ಬರ್ಲಿ. ಸೋಮಲಿಂಗಪ್ಪ ಒಪ್ಪಲಿಲ್ಲ. ಆಗಲ್ಲ ಕಣಮ್ಮ, ಆಮೇಲೆ ಬ್ಯಾಲೆನ್ಸ್ ಮಾಡೋಕೆ ಕಷ್ಟ. ನೀಲಾ ಮತ್ತೆ, ದಯವಿಟ್ಟು ಸಾರ್. ಅವಳ ಕಣ್ಣಲ್ಲಿ ನೀರಿತ್ತೇ. ಆ ಹೊತ್ತಿಗೆ ಜಗದಾಂಬಾಳಿಗೆ ಮೈಯುರಿದಿತ್ತು, ನೋಡು ನೋಡು ನಾಟಕ, ಬೇಡ ಬೇಡ ಎಂದೇ ಮೈಕು ಗಿಟ್ಟಿಸಿಕೊಂಡಳು, ಬಳಗದಲ್ಲೂ ಹೀಗೆಯೇ, ಪ್ರಸಾದಕ್ಕೆ ಕಡೆಯಲ್ಲಿ ಕೂರುವವಳು, ಫೋಟೋ ತೆಗೆಯುವಾಗ ಕಂಬದ ಹಿಂದೆ ಸರಿಯುವವಳು, ಎಲ್ಲರೂ ನಿಮ್ಮ ಓರಗಿತ್ತಿ ಎಷ್ಟು ಸಂಕೋಚದ ಹುಡುಗಿ ಎನ್ನುತ್ತಾರೆ, ಸಂಕೋಚವೇ, ಜಗದಾಂಬಾಳಿಗೆ ಗೊತ್ತು ಅದು ಎಂಥ ಸಂಕೋಚ ಎಂದು. ಮೂರನೇ ಸಾಲಿಗೆ ಬಂದಾಗ ಇವಳು ಕಣ್ಣು ಮುಚ್ಚಿ ಬಲಗೈ ಎತ್ತುತ್ತಾಳೆ, ಷಡ್ಜ ನಿಲ್ಲುತ್ತದೆ, ಸಭೆಯಲ್ಲಿ ಅಬ್ಬಾ ಎನ್ನುತ್ತಾರೆ, ಕಣ್ಣು ತೆರೆದು ಸ್ವಲ್ಪ ಹಿಂದಕ್ಕೆ ನೋಡಿದರೆ ನೀಲಾ ಎಡಗೈಯಲ್ಲಿ ಶ್ರುತಿಪೆಟ್ಟಿಗೆ ಒತ್ತುತ್ತ ಬಲಗೈಯಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡಿರುತ್ತಾಳೆ. ನಗು. ನಗುವನ್ನು ಮುಚ್ಚಿಕೊಳ್ಳುವುದು. ಎಷ್ಟು ಸಲ ನೋಡಿದ್ದಾಳೆ, ಬಸವ ಜಯಂತಿಯ ಪೆಂಡಾಲಿನಲ್ಲಿ, ವಿಜಯನಗರದ ಗೃಹಪ್ರವೇಶದಲ್ಲಿ, ಗೋಣಿಚೀಲದ ಗೋಡೆಗಳ ಆ ಕೋಣೆಯಲ್ಲಿ ಕೂಡ, ಇವಳ ದನಿ ಎತ್ತರಕ್ಕೆ ಹೋದಾಗಲೆಲ್ಲ ಅವಳಿಗೆ ಸೆರಗು ಬಾಯಿಗೆ ಹೋಗುತ್ತದೆ. ಹಲ್ಲು ಕಚ್ಚಿಕೊಂಡು ಸುಮ್ಮನಿದ್ದಳು ಇಷ್ಟು ದಿನ. ಇನ್ನು ಸಾಕು ಎನಿಸಿದ್ದು ಅದಕ್ಕೇ.

ಆದರೆ ಮೊದಲು ಈ ಬಟ್ಟಲಿನ ವಿಷಯ ಇತ್ಯರ್ಥವಾಗಬೇಕು, ಕೆಟ್ಟ ಮಾಲನ್ನು ನಂಬಿ ಪ್ಲೇಟಿಗೆ ಹೂಂ ಎಂದರೆ ನಾಳೆ ಮನೆಮನೆಯಲ್ಲೂ ಮೂರನೇ ಸಾಲಿಗೆ ಜಗದಾಂಬಾ ಮಾಯ. ಅಥವಾ ದೋಷ ಬಟ್ಟಲಿನದಲ್ಲ, ಕಿವಿಯದೇ ಇರಬಹುದು, ವಯಸ್ಸು, ಅತ್ತೆಗೆ ಕಡೆಗಾಲದಲ್ಲಿ ಎಡಗಿವಿಯೇ ಮೊದಲು ಹೋಯಿತು, ಆದರೆ ಅತ್ತೆ ತನಗೇನು ರಕ್ತಸಂಬಂಧವೇ, ಛೆ. ಪರೀಕ್ಷೆ ಸುಲಭ. ಹೆಡ್‌ಫೋನನ್ನು ತೆಗೆದಳು, ತೆಗೆದ ಕೂಡಲೇ ಮನೆ ದಡಬಡ ಎಂದು ಒಳಗೆ ನುಗ್ಗಿತು, ಬಾಣಲೆಯ ಮೇಲೆ ಸೌಟು, ನಲ್ಲಿಯ ನೀರು, ಬೀದಿಯಲ್ಲಿ ಸೊಪ್ಪಿನವಳ ಕೂಗು, ಪಕ್ಕದ ಮನೆಯವಳ ದನಿ ಎಲ್ಲೂ ಇಲ್ಲ, ಅಂದರೆ ಹಿತ್ತಿಲಲ್ಲಿ ಯಾರೂ ಇಲ್ಲ, ಅಥವಾ ಈಗಷ್ಟೇ ಹೋದಳು. ತಿರುಗಿಸಿ ಹಾಕಿಕೊಂಡಳು, ಕೆಂಪು ಗುರುತು ಎಡಗಿವಿಗೆ ಬಂತು, ಮನೆ ಮತ್ತೆ ಮುಚ್ಚಿಹೋಯಿತು. ಟೇಪನ್ನು ಹಿಂದಕ್ಕೆ ಓಡಿಸಿ ಒತ್ತಿದಳು. ಈಗ ತನ್ನ ದನಿ ಬಲಗಿವಿಯಲ್ಲಿ, ದುಂಡಗೆ, ತುಂಬಿಕೊಂಡು, ಒಂದನೇ ಸಾಲು, ಎರಡನೇ ಸಾಲು, ಮೂರನೆಯದು ಏರುತ್ತಿದೆ — ಬಲಗಿವಿ ಖಾಲಿ. ಎಡಗಿವಿಯಲ್ಲಿ ಷಡ್ಜ ತುಂಬಿ ನಿಂತಿದೆ. ಅಂದರೆ ಕಿವಿ ಎರಡೂ ಚೆನ್ನಾಗಿವೆ, ಶಿವನ ದಯೆ, ಒಂದು ಕ್ಷಣ ನಿಜವಾಗಿಯೂ ಸಂತೋಷವಾಯಿತು, ಕಿವಿ ಚೆನ್ನಾಗಿದೆಯೆಂದು ಯಾರಿಗಾದರೂ ಕೂಗಿ ಹೇಳೋಣ ಎನ್ನುವಷ್ಟು. ಕೆಟ್ಟಿರುವುದು ಬಟ್ಟಲು. ತಾನು ಹೇಳಿದ್ದೇ ಸರಿ.

ಸರಿಯೇ, ಆದರೆ ಇನ್ನೊಂದು ಸಲ ಖಾತ್ರಿ ಮಾಡಿಕೊಳ್ಳಬೇಕು, ಏಕೆಂದರೆ ಆ ಮನುಷ್ಯ ಮಾತಿನಲ್ಲಿ ಗೆಲ್ಲುವವನು, ಅಮ್ಮಾವ್ರೇ ನೀವು ಹಾಕ್ಕೊಂಡಿದ್ದೇ ತಪ್ಪು ಎಂದುಬಿಟ್ಟರೆ. ಅವನು ಇನ್ನೊಂದು ಸಣ್ಣ ಟೇಪನ್ನೂ ಬಿಟ್ಟುಹೋಗಿದ್ದಾನೆ, ಮಕ್ಕಳಿಗೆ ಕೇಳಿಸಿ, ಖುಷಿ ಪಡ್ತಾರೆ ಎಂದು, ರೈಲ್ವೆ ಗೇಟಿನ ಹತ್ತಿರ ನಿಂತು ತಾನೇ ಹಿಡಿದ ರೈಲಿನ ಸದ್ದು, ಅದನ್ನು ಹಾಕಿದಳು, ಕೈ ಸ್ವಲ್ಪ ತಡವರಿಸಿತು, ಟೇಪಿನ ತುದಿಯನ್ನು ಚಕ್ರಕ್ಕೆ ಸಿಕ್ಕಿಸುವುದು ಸೂಜಿಗೆ ದಾರ ಪೋಣಿಸಿದ ಹಾಗೆ. ಬಟ್ಟಲುಗಳನ್ನು ಸರಿಯಾಗಿ ಹಾಕಿಕೊಂಡಳು, ಕೆಂಪು ಗುರುತು ಬಲಕ್ಕೆ. ಗೇಟಿನ ಗಂಟೆ, ಸೈಕಲ್ಲುಗಳು, ಯಾರೋ ಕೆಮ್ಮಿದರು, ಆಮೇಲೆ ಎಡಗಡೆಯಿಂದ ಸೀಟಿ — ಅವಳು ಬೆಚ್ಚಿ ಕೂತ ಜಾಗದಲ್ಲೇ ಪಕ್ಕಕ್ಕೆ ಸರಿದಳು — ಸೀಟಿ ಎಷ್ಟು ಎತ್ತರದ್ದು ಎಂದರೆ ಯಾವ ಷಡ್ಜಕ್ಕೂ ಎಟುಕದಷ್ಟು, ಎಡಬಟ್ಟಲಿನಲ್ಲಿ ಅದು ಕಿವಿ ಸೀಳುವಷ್ಟು ಸ್ಪಷ್ಟ, ಒಂದಿಷ್ಟೂ ಸೊರಗಲಿಲ್ಲ, ಅಲ್ಲಿಂದ ತಲೆಯ ಮೇಲೆ ಹಾದು ಬಲಬಟ್ಟಲಿಗೆ ಹೋಯಿತು, ಅಲ್ಲೂ ಮಬ್ಬಾಗಲಿಲ್ಲ, ಚಾಕುವಿನಷ್ಟು ಹರಿತ, ಗಾಲಿಗಳು ಒಂದರ ಹಿಂದೆ ಒಂದು ಎಡದಿಂದ ಬಲಕ್ಕೆ ಹೋದವು, ಗಾರ್ಡಿನ ಡಬ್ಬಿ ಹೋಯಿತು, ಸೈಕಲ್ಲುಗಳು ಮತ್ತೆ. ಜಗದಾಂಬಾ ಕೂತೇ ಇದ್ದಳು. ಟೇಪಿನ ತುದಿ ಬಿಚ್ಚಿಕೊಂಡು ಚಕ್ರದ ಜೊತೆ ಪಟಪಟ ತಿರುಗುತ್ತಿತ್ತು, ಅದು ಕಣ್ಣಿಗೆ ಕಂಡಿತು, ಕಿವಿಗೆ ಬರಲಿಲ್ಲ. ಬಟ್ಟಲುಗಳು ಚೆನ್ನಾಗಿವೆ. ಎರಡೂ.

ಹಾಗಾದರೆ ಸೋಮಲಿಂಗಪ್ಪ. ಅವನೇ, ಮತ್ತೆ ಯಾರು, ಅವನ ಮುಂದೆ ಎರಡು ದುಂಡು ಗುಂಡಿಗಳಿದ್ದವು, ಒಂದೊಂದು ಮೈಕಿಗೆ ಒಂದೊಂದು, ಗಾಜಿನ ಹಿಂದೆ ಕೂತು ತಿರುಗಿಸುತ್ತಲೇ ಇದ್ದ, ಇವಳು ಕಣ್ಣು ಮುಚ್ಚಿಕೊಳ್ಳುತ್ತಾಳೆಂದು ಗೊತ್ತಿದ್ದೇ ಮೂರನೇ ಸಾಲಿಗೆ ಎಡದ್ದನ್ನು ಇಳಿಸಿ ಬಲದ್ದನ್ನು ಏರಿಸಿದ್ದಾನೆ, ಸರಿಹೋಯಿತು, ಎಲ್ಲ ಕೂಡಿಬರುತ್ತದೆ, ನೀಲಾಳ ಕಣ್ಣೀರು, ಬೆಳಗಿನ ಕೂದಲು, ಆಗ್ಲಿ ಅಕ್ಕಾ ನಿಮ್ಮಿಷ್ಟ. ಕಾಫಿ ಲೋಟ ಕೊಡುವಾಗ ಅವನು ನಿಮ್ಮ ದನಿ ತುಂಬಾ ಅಪರೂಪದ್ದು ಕಣಮ್ಮ ಎಂದು ಅವಳಿಗೆ ಯಾಕೆ ಹೇಳಬೇಕಿತ್ತು, ಮುಖ್ಯ ಗಾಯಕಿ ಇಲ್ಲಿ ಕೂತಿರುವಾಗ. ಅದಕ್ಕೆ ನೀಲಾ ಮುಖ ಕೆಂಪು ಮಾಡಿಕೊಂಡು, ಇಲ್ಲ ಸಾರ್, ಅಕ್ಕಂದು ಕೇಳಿ ನೀವು ಎಂದಳು, ಎಂಥ ನಯ. ಗಂಡನಿಗೆ ಹೇಳಬೇಕು, ಮೈದುನನ ಎದುರೇ ಹೇಳಬೇಕು, ನಿಮ್ಮ ಹೆಂಡತಿ ಮಾಡಿದ ಕೆಲಸ ನೋಡಿ. ಸಿಟ್ಟಿನಲ್ಲಿ ಕೈ ಚುರುಕಾಯಿತು, ಮೊದಲ ಟೇಪನ್ನು ಸಿಕ್ಕಿಸಿದಳು, ಆ ಕಳ್ಳತನ ಎಲ್ಲಿ ಶುರುವಾಗುತ್ತದೆಂದು ಹಿಡಿಯಬೇಕು, ಗುಂಡಿ ಇಳಿಸಿದ ಜಾಗವನ್ನು ಹಿಡಿದು ಅವನ ಮುಂದೆ ಇಡಬೇಕು, ಬಲಬಟ್ಟಲನ್ನು ಕಿವಿಯಿಂದ ಸರಿಸಿ ಕೆನ್ನೆಗೆ ತಂದಳು, ಎಡದ್ದನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಳು, ತನ್ನ ಮೈಕು ಮಾತ್ರ, ತಾನು ಮಾತ್ರ. ಮೂರನೇ ಸಾಲು. ಬಳೆ ಘಲ್, ಉಸಿರು, ಏರಿಕೆ, ಬಳೆ ಘಲ್, ಇನ್ನೊಂದು ಮೆಟ್ಟಿಲು, ಬಳೆ ಘಲ್ —

ಬಳೆ ಘಲ್.

ಬಳೆ ಇಳಿಯಲಿಲ್ಲ. ಟೇಪು ನಿಲ್ಲಿಸಿದಳು, ಹಿಂದಕ್ಕೆ ಓಡಿಸಿದಳು, ಮತ್ತೆ. ಬಳೆ ಘಲ್, ಅದೇ ಅಳತೆ, ಅದೇ ಹತ್ತಿರ, ಮೊದಲ ಸಾಲಿನಲ್ಲಿ ಎಷ್ಟಿತ್ತೋ ಅಷ್ಟೇ. ಗುಂಡಿ ಇಳಿಸಿದರೆ ಬಳೆಯೂ ಇಳಿಯಬೇಕಲ್ಲ, ಉಸಿರೂ ಇಳಿಯಬೇಕಲ್ಲ, ತುಟಿಯ ಸದ್ದೂ ಇಳಿಯಬೇಕು, ಮೈಕಿಗೆ ಬಳೆ ಬೇರೆ ಗಂಟಲು ಬೇರೆಯೇ, ಎಲ್ಲ ಇದೆ, ಎಲ್ಲವೂ ಹಾಗೇ ಇದೆ, ತುಟಿ ತೆರೆದುಕೊಳ್ಳುತ್ತದೆ, ಉಸಿರು ಹೊರಡುತ್ತದೆ, ಉಸಿರಿನ ಮೇಲೆ ದನಿ ಇಲ್ಲ. ಗಾಳಿ. ತಿದಿಯಿಂದ ಬಂದಂಥ ಬರಿಯ ಗಾಳಿ, ಅದರ ಕೆಳಗೆ ಬಳೆ ಲೆಕ್ಕ ತಪ್ಪದೆ ತಾಳ ಹಾಕುತ್ತಿದೆ, ಎತ್ತಿದ ಕೈ, ಮುಚ್ಚಿದ ಕಣ್ಣು, ಅಬ್ಬಾ ಎನ್ನುವ ಜನ. ಇಲ್ಲ. ತಾನು ಹಾಡಿದ್ದು ತನಗೆ ಗೊತ್ತಿಲ್ಲವೇ, ತಲೆಯ ಒಳಗೆ ಝೇಂಕಾರ ಆಗುತ್ತದಲ್ಲ, ಬೆನ್ನ ಮೇಲೆ ಮುಳ್ಳು ಏಳುತ್ತದಲ್ಲ — ಬಲಗಿವಿಯ ಹಿಂದಿನಿಂದ, ಒಂದು ಗೇಣು ದೂರದಿಂದ, ಬರುತ್ತಿದ್ದ ದನಿ ತನ್ನದೆನಿಸಿತ್ತೇ. ಗಂಟಲು ಬಿದ್ದುಹೋಗಿತ್ತು ಹಿಂದೊಂದು ಮಳೆಗಾಲದಲ್ಲಿ, ಡಾಕ್ಟರು ಟಾರ್ಚು ಹಾಕಿ ನೋಡಿ ಮಾತು ಕಡಿಮೆ ಮಾಡೀಮ್ಮ, ಹಾಡು ಇನ್ನೂ ಕಡಿಮೆ ಮಾಡಿ ಎಂದಿದ್ದರು, ವಾಸಿಯಾಯಿತು, ವಾಸಿಯಾಗಿತ್ತು, ಮೊದಲ ಸಭೆಗೆ ಹೊರಟಾಗ ನೀಲಾ ತಾನಾಗಿಯೇ ಬಂದು, ಅಕ್ಕಾ, ಶ್ರುತಿಪೆಟ್ಟಿಗೆ ಒತ್ತೋಕೆ ನಾನು ಬರ್ಲಾ, ಹಾಗೇ ಹಿಂದೆ ಒಂದಿಷ್ಟು ದನಿ ಸೇರಿಸ್ತೀನಿ ಎಂದಳು, ಎಷ್ಟು ಮೆಲ್ಲಗೆ ಹೇಳಿದಳು, ಅಲ್ಲಿಂದ ಇಲ್ಲಿಯವರೆಗೆ ನೀಲಾ ಇಲ್ಲದೆ ಒಂದು ಸಭೆಯೂ ಆಗಿಲ್ಲ. ಒಂದು ಸಲ ನೀಲಾಳಿಗೆ ಜ್ವರ. ಆ ದಿನ ಬಳಗದವರು ಕಾರು ಕಳಿಸಿದ್ದರು, ಜರಿಸೀರೆ ಉಟ್ಟು ನಿಂತವಳಿಗೆ ಇದ್ದಕ್ಕಿದ್ದಂತೆ ತಲೆನೋವು ಬಂತು, ಕಾರನ್ನು ವಾಪಸು ಕಳಿಸಿದಳು, ತಲೆನೋವು ಬಂದಿತ್ತು, ನಿಜವಾಗಿಯೂ ಬಂದಿತ್ತು. ಬಂದಿತ್ತೇ. ಮನೆಯಲ್ಲಿ ಒಬ್ಬಳೇ ಅಭ್ಯಾಸಕ್ಕೆ ಕೂತಾಗ ಮೂರನೇ ಸಾಲನ್ನು ಕೆಳಗಿನಲ್ಲೇ ಹೇಳಿ ಮುಗಿಸುತ್ತಾಳೆ, ದನಿ ಉಳಿಸ್ಕೋಬೇಕಲ್ವಾ ಎಂದು ಗಂಡನಿಗೆ ಹೇಳುತ್ತಾಳೆ, ಗಂಡ ಹೂಂ ಎನ್ನುತ್ತಾನೆ, ನಿನ್ನೆ ಈ ಹೆಡ್‌ಫೋನು ನೋಡಿದ ಕೂಡಲೇ, ಅದ್ಯಾಕೆ ಬೇಕೇ ಜಗದಾ, ಸ್ಪೀಕರ್‌ನಲ್ಲೇ ಕೇಳು, ಅದ್ರಲ್ಲೇ ಚೆನ್ನಾಗಿ ಬರುತ್ತೆ ಎಂದ, ಎರಡು ಸಲ ಹೇಳಿದ. ಅವನಿಗೂ. ಅಂದರೆ ಅವನಿಗೂ. ಸಂಶಯ ಪಡಲು ಮನೆಯಲ್ಲಿ ಇನ್ನು ಯಾರೂ ಉಳಿದಿರಲಿಲ್ಲ.

ಬಲಬಟ್ಟಲು ಇನ್ನೂ ಕೆನ್ನೆಯ ಮೇಲೇ ಇತ್ತು. ಅದನ್ನು ಕಿವಿಗೆ ತರಲು ಅವಳಿಗೆ ಹೆದರಿಕೆಯಾಯಿತು, ಹೆದರಿಕೆಯೇ, ಇನ್ನೇನು ಹೇಳುವುದು, ಆದರೂ ಕೈ ತಂದಿತು, ಈಗ ಎಡದ್ದನ್ನು ಸರಿಸಿದಳು, ನೀಲಾಳ ಮೈಕು ಮಾತ್ರ, ನೀಲಾ ಮಾತ್ರ, ಗುಂಡಿ ಒತ್ತಿದಳು. ಒಂದನೇ ಸಾಲಿನಲ್ಲಿ ಅವಳು ತಗ್ಗಿಸಿಕೊಂಡೇ ಇದ್ದಾಳೆ, ಅಕ್ಕನ ಮುಂದೆ ಹೋಗಬಾರದೆಂದು ಅಕ್ಷರದ ತುದಿಗಳನ್ನು ನುಂಗಿಕೊಳ್ಳುತ್ತ, ಎರಡನೆಯದರಲ್ಲೂ ಹಾಗೇ, ಮೂರನೆಯದು ಶುರುವಾಗುವ ಮುಂಚೆ ಒಂದು ಸರಬರ ಸದ್ದು, ಬೆಳಿಗ್ಗೆ ಇದನ್ನು ಟೇಪಿನ ಕೆರೆತ ಎಂದುಕೊಂಡಿದ್ದಳು, ಅಲ್ಲ, ಬಟ್ಟೆ, ನೂಲಿನ ಸೀರೆ ಮೈಕಿನ ಹತ್ತಿರ ಜರುಗುತ್ತಿದೆ, ಆಮೇಲೆ ಷಡ್ಜ, ಬಟ್ಟೆಯ ಒಳಗಿನಿಂದ, ಮಂದವಾಗಿ, ಏನನ್ನೋ ಮುಚ್ಚಿದ ಹಾಗೆ. ದೀಪದಂತೆ ನಿಂತಿದೆ. ಎಂಥ ದನಿ. ಬಾಯಿಗೆ ಬಟ್ಟೆ ತುರುಕಿಕೊಂಡೂ ಇಂಥ ದನಿ. ಮುಂದೆ ಕೂತ ಜನಕ್ಕೆ ಯಾರ ಬಾಯಿ ತೆರೆದಿದೆಯೆಂದು ಕಾಣಬಾರದು, ಒಂದೇ ಬಾಯಿ ತೆರೆದಂತೆ ಕಾಣಬೇಕು, ಬಲಗೈಯಲ್ಲಿ ಸೆರಗು, ಎಡಗೈಯಲ್ಲಿ ಶ್ರುತಿಪೆಟ್ಟಿಗೆ, ಪ್ರತಿ ಸಲವೂ, ಪೆಂಡಾಲಿನಲ್ಲಿ, ವಿಜಯನಗರದಲ್ಲಿ, ಗೋಣಿಚೀಲದ ಕೋಣೆಯಲ್ಲಿ — ಮೈಕ್ ಬೇಡ ಸಾರ್, ದಯವಿಟ್ಟು ಸಾರ್ — ಒಂದೇ ದನಿ ಸಾಕು ಎಂದು ಅವಳಿಗೆ ಕೇಳುವ ಹಾಗೆ ಕೂಗಿ ಹೇಳಿದ ಬೆಳಗು, ತಟ್ಟೆಗೆ ರೊಟ್ಟಿ ಹಾಕುವ ಕೈ. ಒಂದೇ ದನಿ ಸಾಕಾದರೆ ಮೂರನೇ ಸಾಲಿನಲ್ಲಿ ಪ್ಲೇಟಿನ ಮೇಲೆ ಬರಿಯ ಬಳೆ. ಜಗದಾಂಬಾ ಕಣ್ಣು ಒರೆಸಿಕೊಳ್ಳಲಿಲ್ಲ, ಒರೆಸಿಕೊಂಡರೆ ಅತ್ತಿದ್ದು ಖಚಿತವಾಗುತ್ತದೆ.

ಬಾಗಿಲಲ್ಲಿ ನೆರಳು. ಸೋಮಲಿಂಗಪ್ಪ ಬಂದುಬಿಟ್ಟಿದ್ದ, ಸ್ಕೂಟರಿನ ಸದ್ದು ಇವಳಿಗೆ ಎಲ್ಲಿ ಕೇಳಬೇಕು, ಚಪ್ಪಲಿ ಬಿಟ್ಟು ಒಳಗೆ ಬರುತ್ತ ನಗುತ್ತಿದ್ದಾನೆ, ಪರದೆ ಸರಿಸಿಕೊಂಡು ನೀಲಾ ಮಂಡಕ್ಕಿಯ ತಟ್ಟೆ ಹಿಡಿದು ಹಜಾರಕ್ಕೆ ಬಂದಳು, ಇವಳನ್ನು ನೋಡಿದಳು, ತಿರುಗುತ್ತಿರುವ ಟೇಪನ್ನು ನೋಡಿದಳು, ಯಾವ ಬಟ್ಟಲು ಯಾವ ಕಿವಿಯ ಮೇಲಿದೆಯೆಂದು ನೋಡಿದಳು. ಎಡಗಿವಿ ತೆರೆದಿತ್ತು, ಅದರಿಂದ ಮನೆ ಒಳಗೆ ಬರುತ್ತಿತ್ತು. ಹೇಗಿದೆ ಅಮ್ಮಾವ್ರೇ, ಸೌಂಡು, ಏನಾದ್ರೂ ತಪ್ಪು ಸಿಕ್ತಾ, ಹೂಂ ಅನ್ನಬಹುದಾ ಎಂದು ಸೋಮಲಿಂಗಪ್ಪ ಕೇಳುತ್ತಿದ್ದಾನೆ. ಜಗದಾಂಬಾ ಬಾಯಿ ತೆರೆದಳು, ತುಟಿ ತೆರೆದ ಸದ್ದು ಅವಳಿಗೇ ಕೇಳಿಸಿತು, ಉಸಿರು ಹೊರಟಿತು, ದನಿ ಬರಲಿಲ್ಲ. ಅವಳು ಏನು ಹೇಳಬೇಕೆಂದಿದ್ದಳು, ಬೆಳಿಗ್ಗೆ ಕಟ್ಟಿಟ್ಟ ಮಾತೋ, ಬೇರೆಯದೋ, ಹೆಸರು ಎರಡು ಹಾಕಿ ಎಂದೋ, ಅವಳಿಗೇ ತಿಳಿಯದು. ನೀಲಾ ತಟ್ಟೆಯನ್ನು ಟೀಪಾಯಿಯ ಮೇಲಿಟ್ಟಳು. ಎಡಗಡೇದು ಕೆಟ್ಟಿದೆ ಸಾರ್, ಎಂದಳು. ಬೆಳಿಗ್ಗೆ ನಾನೂ ಹಾಕ್ಕೊಂಡು ನೋಡ್ದೆ, ಮೇಲಿನ ಸ್ವರ ಬಂದಾಗ ಎಡಗಡೆ ಏನೂ ಬರಲ್ಲ, ಅಕ್ಕ ಎಷ್ಟು ಚೆನ್ನಾಗಿ ಹಾಡಿದಾರೆ, ಅದು ಬಟ್ಟಲಿನ ದೋಷ ಸಾರ್, ಸ್ಪೀಕರ್‌ನಲ್ಲಿ ಕೇಳಿ ನೀವು, ಸ್ಪೀಕರ್‌ನಲ್ಲಿ ಸರಿಯಾಗಿದೆ. ಬಲಬಟ್ಟಲಿನಲ್ಲಿ ಟೇಪು ಓಡುತ್ತಲೇ ಇತ್ತು, ಎರಡನೇ ಸಲ ಹಾಡಿದ ಮೂರನೇ ಸಾಲು, ಬಟ್ಟೆಯ ಸರಬರ, ಷಡ್ಜ ಏಳುತ್ತಿದೆ, ಒಂದು ಕಿವಿಯಲ್ಲಿ ನೀಲಾ, ಇನ್ನೊಂದು ಕಿವಿಯಲ್ಲಿ ನೀಲಾ, ಸೋಮಲಿಂಗಪ್ಪ ಹೌದಾ, ಕೊಡಿ ಇಲ್ಲಿ ನೋಡ್ತೀನಿ ಎಂದು ಹೆಡ್‌ಫೋನಿಗೆ ಕೈ ಚಾಚುತ್ತಿದ್ದಾನೆ, ಜಗದಾಂಬಾ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಾಳೆ, ಕೊಡಲೂ ಇಲ್ಲ ಬಿಡಲೂ ಇಲ್ಲ, ಅವನ ಕೈ ಹತ್ತಿರ ಬರುತ್ತಿದೆ, ಅವನ ಹಿಂದೆ ನೀಲಾಳ ಬಲಗೈ ಮೆಲ್ಲಗೆ ಮೇಲೆದ್ದಿತು, ಸೆರಗಿನ ಅಂಚು ಹಿಡಿಯಿತು, ಬಾಯಿಗೆ ಬಂತು, ಸೆರಗು, ಬಾಯಿಯ ಮೇಲೆ, ಸೆರಗು.